ನಾಯಿಕೆಮ್ಮಿನ ಚಳಿಗಾಲ

ಕೂಸಿನ ಉಸಿರು ಸಿಕ್ಕಿಕೊಂಡಲ್ಲಿ ನಗೋದು ಎಲ್ಲಿಂದ ಬರುತ್ತೆ ಅಂತೀರಿ. ಬರುತ್ತಿತ್ತು, ಅದೂ ಹೊತ್ತಲ್ಲದ ಹೊತ್ತಿಗೆ. ಐವತ್ತರ ದಶಕದಲ್ಲಿ ನಾನು ಗೋಕಾಕದ ಒಂದು ಸಣ್ಣ ದವಾಖಾನೆಯಲ್ಲಿ ನರ್ಸಬಾಯಿ. ಚಳಿ ಬಿದ್ದರೆ ಮಕ್ಕಳಿಗೆ ಕ್ರೂಪ್, ಊರವರ ಬಾಯಲ್ಲಿ ಅದೂ ನಾಯಿಕೆಮ್ಮೇ. ಗಂಟಲು ಒಳಗಿಂದ ಬಾತು, ಕೆಮ್ಮಿದರೆ ಥೇಟ್ ನಾಯಿ ಬೊಗಳಿದ ಹಾಗೆ. ಅದೊಂದು ವೈರಸ್ಸಿನ ಕೆಲಸ ಅಂತ ಗೊತ್ತಾದದ್ದು ಆಮೇಲೆ. ನಮ್ಮ ಹತ್ತಿರ ಇದ್ದದ್ದು ಬಿಸಿನೀರಿನ ಉಗಿ ಮತ್ತು ದೇವರು.

೧. ಉಗಿ

ಧುಪದಾಳದ ಒಬ್ಬ ರೈತನಿಗೆ ಡಾಕ್ಟರು, ಮಗಳಿಗೆ ಚೆನ್ನಾಗಿ ಉಗಿ ಕೊಡು ಅಂದರು. ಅವನು ಮರುದಿನ ನಸುಕಿಗೇ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಘಟಪ್ರಭಾ ಸ್ಟೇಷನ್ನಿಗೆ ಹೋಗಿ ರೈಲಿನ ಎಂಜಿನ್ನಿನ ಪಕ್ಕ ನಿಂತ. ಡ್ರೈವರ್ ಬೈದು ದೂರ ಅಟ್ಟಿದ. ಕೂಸು ಮಾತ್ರ ಸಲೀಸಾಗಿ ಉಸಿರಾಡತೊಡಗಿತ್ತು. ಅದು ಮುಂಜಾನೆಯ ತಂಪು ಗಾಳಿಯ ಗುಣ ಅಂತ ಡಾಕ್ಟರು ಎಷ್ಟು ಹೇಳಿದರೂ ಅವನು ನಂಬಲಿಲ್ಲ.

"ಮುಂಜಾನಿ ಗಾಡಿ ಒಂದ ಸಾಕೇನ್ರಿ, ಸಂಜೀ ಗಾಡಿಗೂ ಒಯ್ಯಲೇನ್ರಿ?"

೨. ಮೆತ್ತಗ

ಮೂಡಲಗಿಯಿಂದ ಒಬ್ಬ ಅಜ್ಜ ಮೊಮ್ಮಗಳನ್ನು ಚಕ್ಕಡಿಯಲ್ಲಿ ತಂದ. ದಾರಿಯಲ್ಲೇ ಕೆಮ್ಮು ನಿಂತಿತಂತೆ. ಇಷ್ಟು ದೂರ ಬಂದದ್ದೇ ದಂಡ ಅಂತ ತನ್ನನ್ನು ತಾನೇ ಚೇಷ್ಟೆ ಮಾಡಿಕೊಳ್ಳುತ್ತ ಇಳಿದ. ಅವನ ನಗು ಕಂಡು ನಾನೂ ನಗುತ್ತಲೇ ದುಪ್ಪಟಿ ಸರಿಸಿದೆ. ಕೂಸಿನ ತುಟಿ ನೀಲಿಯಾಗಿತ್ತು. ಡಾಕ್ಟರನ್ನು ಕೂಗಿದೆ. ಅಜ್ಜ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ತಡೆದ.

"ಮೆತ್ತಗ ಮಾತಾಡ್ರಿ ಬಾಯಾರ, ಎಚ್ಚರಾದೀತು."

ಡಾಕ್ಟರು ಬಂದು ನಾಡಿ ಹಿಡಿದು ನೋಡಿದರು, ಇರಲಿಲ್ಲ. ಅವತ್ತು ಅವರೂ ಮೆತ್ತಗೇ ಮಾತಾಡಿದರು.

೩. ಕಚ್ಚಿದ್ದು ಯಾರಿಗೆ

ಹುಕ್ಕೇರಿ ಕಡೆಯ ಒಬ್ಬ ಬೊಗಳುವ ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದ. ಹುಚ್ಚುನಾಯಿ ಕಾಟ ಇದು, ಹೊಟ್ಟೆಗೆ ಸೂಜಿ ಹಾಕಲೇಬೇಕು ಅಂತ ಪಟ್ಟು ಹಿಡಿದ. ಡಾಕ್ಟರು ಕ್ರೂಪ್ ಅಂದರು, ಕೇಳಲಿಲ್ಲ. ಹುಡುಗನ ಮೈಯೆಲ್ಲ ತಡಕಿ, ಹಾಗಾದರೆ ಹಲ್ಲಿನ ಗುರುತು ತೋರಿಸು ಅಂದರು. ಅವನು ಧೋತರ ಸರಿಸಿ ತನ್ನ ಕಾಲಿನ ಮೀನಖಂಡವನ್ನೇ ತೋರಿಸಿದ.

"ಕಚ್ಚಿದ್ದು ನನಗ್ರೀ. ಬೊಗಳಾಕತ್ತಾಂವ ಇಂವ. ನನ್ನ ಮಗ್ಗಲದಾಗ ಮಲಗತಾನಲ್ರಿ."

ನಗುತ್ತಿದ್ದ ಡಾಕ್ಟರು ಬಗ್ಗಿ ಗಾಯ ನೋಡಿದರು. ಹಲ್ಲು ಆಳಕ್ಕಿಳಿದಿತ್ತು. ಮಗನಿಗೆ ಉಗಿ ಹಾಕಿ, ಅಪ್ಪನಿಗೆ ಸೂಜಿ ಶುರುಮಾಡಿದೆವು. ಇಬ್ಬರೂ ಉಳಿದರು. ಮಗ ಬೇಗನೆ ಬೊಗಳುವುದು ಬಿಟ್ಟ. ಸೂಜಿ ಕಂಡಾಗಲೆಲ್ಲ ಅಪ್ಪನದು ಶುರುವಾಗುತ್ತಿತ್ತು.