ರಿಟರ್ನ್ ತಿದ್ದಿಸಲು ಬಂದವರು

ಹಿಮಾಯತ್‌ನಗರದ ಸೀರೆ ಅಂಗಡಿಯೊಂದರ ಮೇಲೆ ನನ್ನ ಆಫೀಸು. ಜನರ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವುದು ನನ್ನ ಕೆಲಸ. ಸಲ್ಲಿಸಿದ ಮೇಲೆ "ಮೇಡಮ್ಮರ, ಒಂದ್ ಸಣ್ಣ ತಪ್ಪು ಆಗೈತಿ" ಎಂದು ಯಾರಾದರೂ ಮೆಟ್ಟಿಲು ಹತ್ತದ ವಾರವೇ ಇಲ್ಲ. ಹೆಚ್ಚಿನವರು ನಮ್ಮ ಬೀದರ, ಕಲಬುರಗಿ ಕಡೆಯವರು. ಹೊರಗೆ ತೆಲುಗು, ಹಿಂದಿ ಆಡಿ ದಣಿದು, ನನ್ನೆದುರು ಕನ್ನಡದಲ್ಲಿ ತಪ್ಪೊಪ್ಪಿಕೊಳ್ಳುತ್ತಾರೆ. ನೋಟಿಸು ಬರುವ ಮೊದಲೇ ತಾವಾಗಿ ಬರುವ ಇವರನ್ನು ಕಂಡರೆ ನನಗೆ ಹೆಮ್ಮೆ. ನಗು ಬರುವುದು ಬೇರೆ ಮಾತು.

ಸರ್ಕಾರಕ್ಕೆ ಮಾತ್ರ

ಬಾಲಾನಗರದ ಕಾರ್ಖಾನೆಯೊಂದರಿಂದ ನಿವೃತ್ತರಾದ ಫೋರ್‌ಮನ್ ಒಬ್ಬರು ಒಂದು ಡಿಪಾಜಿಟ್ಟಿನ ಬಡ್ಡಿ ತೋರಿಸುವುದನ್ನು ಬಿಟ್ಟಿದ್ದರು. "ಸೇರಸ್ರಿ, ಮನಸ್ಸಿಗೆ ಸಮಾಧಾನ ಇಲ್ಲ" ಎಂದವರು ದನಿ ತಗ್ಗಿಸಿದರು: "ಸರ್ಕಾರಕ್ಕ ಗೊತ್ತಾದ್ರ ನಡೀತೈತಿ. ಮನ್ಯಾಗ ಗೊತ್ತಾಗಬಾರದು."

ತಿದ್ದಿ ಸಲ್ಲಿಸಿದೆ. ಇಲಾಖೆಯ ಮೆಸೇಜು ನೇರ ಅವರ ಹೆಂಡತಿಯ ಫೋನಿಗೆ ಹೋಯಿತು. ರಿಟರ್ನಿನಲ್ಲಿ ಫೋರ್‌ಮನ್ನರೇ ಕೊಟ್ಟಿದ್ದ ನಂಬರು ಅದು. ಮರುದಿನ ಆಕೆ ಬಂದರು. ನಿವೃತ್ತ ಟೀಚರು, ಅವರ ರಿಟರ್ನೂ ನನ್ನಲ್ಲೇ. ನಾನು ಜಗಳಕ್ಕೆ ಸಿದ್ಧಳಾಗಿ ಕೂತೆ.

"ನನ್ನದ್ರಾಗೂ ಒಂದ್ ಡಿಪಾಜಿಟ್ ಬಿಟ್ಟೈತಿ, ತಿದ್ರಿ" ಎಂದರು. "ಅವರಿಗೆ ಹೇಳಬ್ಯಾಡ್ರಿ."

ಅತ್ತೆಯ ವಿಮೆ

ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯ ಕೆಮಿಸ್ಟ್ ಒಬ್ಬರು ತಾವೇ ರಿಟರ್ನ್ ತುಂಬಿ, ಅತ್ತೆಯ ಆರೋಗ್ಯ ವಿಮೆಗೂ ವಿನಾಯಿತಿ ಕೇಳಿದ್ದರು. ತಂದೆತಾಯಿಯದಕ್ಕೆ ಉಂಟು, ಅತ್ತೆಯದಕ್ಕಿಲ್ಲ, ತೆಗೆದು ತೆರಿಗೆ ಕಟ್ಟಬೇಕು ಎಂದೆ. ಚೌಕಾಸಿ ಮಾಡದೆ ಒಪ್ಪಿದರು. ವಿಮೆಯನ್ನೂ ನಿಲ್ಲಿಸುವುದಿಲ್ಲ ಎಂದರು. ಆಮೇಲೆ ಸ್ವಲ್ಪ ಯೋಚಿಸಿದರು.

"ಅಂದ್ರ ಕಾನೂನಿನ ಪ್ರಕಾರ ಅತ್ತಿ ತಾಯಿ ಅಲ್ಲ?"

"ಅಲ್ಲ."

"ಇದನ್ನ ಒಂದ್ ಲೆಟರ್‌ಹೆಡ್ ಮ್ಯಾಲ ಬರದು ಕೊಡ್ರಿ. ಮದುವಿ ಆದಾಗಿಂದ ನಮ್ಮನ್ಯಾಗ ಬ್ಯಾರೇನ ಹೇಳಾಕತ್ತಾರ."

ಸಿನಿಮಾ ನಟ

ಯಾದಗಿರಿಯಿಂದ ಕೂಲಿಗೆ ಬಂದು, ಇಟ್ಟಿಗೆ ಹೊತ್ತು, ಈಗ ತನ್ನದೇ ತಂಡ ಕಟ್ಟಿಕೊಂಡಿರುವ ಮೇಸ್ತ್ರಿ ಒಬ್ಬರಿದ್ದಾರೆ. ಊರವರಿಗೆಲ್ಲ ಮನೆ ಕಟ್ಟಿದ ಮೇಲೆ ತಮಗೊಂದು ಕಟ್ಟಿಕೊಳ್ಳಲು ಬ್ಯಾಂಕಿಗೆ ಸಾಲಕ್ಕೆ ಹೋದರು. ಅಲ್ಲಿ ಅರ್ಜಿ ನಿಂತುಹೋಯಿತು. ಅವರ ರಿಟರ್ನ್ ತುಂಬಿದ ಇಂಟರ್ನೆಟ್ ಅಂಗಡಿಯವನು ಉದ್ಯೋಗದ ಪಟ್ಟಿಯಲ್ಲಿ ತಪ್ಪು ಸಾಲು ಒತ್ತಿ, 'ಸಿನಿಮಾ ಕಲಾವಿದ' ಎಂದು ಮಾಡಿಬಿಟ್ಟಿದ್ದ.

"ಯಾವ ಪಿಚ್ಚರ್ ಅಂತ ಕೇಳಿದ್ರು ಮೇಡಮ್ಮರ" ಎಂದು ಮೇಸ್ತ್ರಿ ನನ್ನೆದುರು ಗಲ್ಲ ಸವರಿಕೊಂಡರು. "ನನ್ನ ಮಾರಿ ನೋಡಿ ನಂಬಿದ್ರು ನೋಡ್ರಿ."

ತಿದ್ದುವ ಗಡುವು ಇನ್ನೂ ಮುಗಿದಿರಲಿಲ್ಲ. 'ಕಟ್ಟಡ ಗುತ್ತಿಗೆದಾರ' ಎಂದು ಬದಲಿಸಿ ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದರು. ಬೆನ್ನು ನೆಟ್ಟಗೆ ಮಾಡಿ ಕೂತರು.

ಸಾಲ ಮಂಜೂರಾದ ದಿನ ಪೇಢೆ ತಂದರು. ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರು ಹಳೆಯ ರಿಟರ್ನನ್ನೂ ತಿದ್ದಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬಹಳ ಮರುಕದಿಂದ ಕೇಳಿದರಂತೆ, ಸಿನಿಮಾ ಯಾಕೆ ಬಿಟ್ಟಿರಿ ಎಂದು.

"ನೀವೇನಂದ್ರಿ?" ಎಂದೆ.

"ಎಲ್ಲಾರೂ ಹೀರೋ ಆದ್ರ, ಹೀರೋಗೋಳ ಮನಿ ಕಟ್ಟಾವ್ರು ಯಾರು ಅಂದ್ನಿರಿ. ಮ್ಯಾನೇಜರು ಎದ್ದು ನಿಂತು ಕೈ ಕುಲುಕಿದ್ರು. ಆಮ್ಯಾಲ ಒಂದ್ ಸೆಲ್ಫಿ ತಗೊಂಡ್ರು."