ಡಬ್ಬಿಯೊಳಗೆ ಹೋದ ಒಪ್ಪಿಗೆ ಪತ್ರ

ಪುಣೆ ಬಳಿಯ ನಿಗಡಿಯ ನಮ್ಮ ಕಾಲೊನಿಯಲ್ಲಿ ಯಾವ ಕೆಲಸವನ್ನಾದರೂ ಕಣ್ಣು ಮುಚ್ಚಿ ನನಗೆ ಒಪ್ಪಿಸಬಹುದು ಎಂಬ ನಂಬಿಕೆ ಒಬ್ಬನಿಗಿತ್ತು. ಆ ಒಬ್ಬ ನಾನೇ!

ಎಚ್‌ಪಿವಿ ಲಸಿಕೆ ಆಗಷ್ಟೇ ಬಂದಿದ್ದ ಕಾಲ. ಮಗಳು ಮೇಘಾ ಮತ್ತು ಕಾಲೊನಿಯ ಹುಡುಗಿಯರೆಲ್ಲ ಕಲಿಯುವ ಶಾಲೆಯ ಪಾಲಕರ ಸಭೆಗೆ ಬಂದ ಡಾಕ್ಟರಮ್ಮ, ಇಪ್ಪತ್ತು ಹುಡುಗಿಯರ ಪಾಲಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಶಾಲೆಯಲ್ಲೇ ಲಸಿಕೆ ಹಾಕುವುದಾಗಿ ಹೇಳಿದರು. ಕಡಿಮೆ ಬಂದರೆ ಇಲ್ಲ. ರಥಸಪ್ತಮಿಯ ಮರುದಿನವೇ ಗಡುವು. ಸಹಿ ತರುವವರು ಯಾರು ಎಂದು ಕೇಳಿದಾಗ ನನ್ನ ಕೈ ತಾನಾಗಿ ಮೇಲೆ ಹೋಯಿತು.

ಮನೆಗೆ ಬಂದು, ಡಾಕ್ಟರಮ್ಮ ಕೊಟ್ಟ ಒಪ್ಪಿಗೆ ಪತ್ರಗಳ ದೊಡ್ಡ ಕಟ್ಟಿನ ಜೊತೆಗಿದ್ದ ಕರಪತ್ರ ಓದಿದೆ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್ ತಡೆಯುವ ಲಸಿಕೆಯಂತೆ. ಇದನ್ನು ಎದುರುಮನೆಯಾಕೆ ಕುಲಕರ್ಣಿ ಕಾಕುವಿನ ಮುಂದೆ ನಾನು ಹೇಗೆ ಹೇಳಲಿ! ಆದರೂ ಧೈರ್ಯ ಮಾಡಿ ಹೋದೆ. ನಳದ ನೀರು ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸಿ, ಚಹಾ ಕುಡಿದು ಬಂದೆ. ಮುಂದಿನ ಆರು ಮನೆಗಳಲ್ಲೂ ನೀರನ್ನೇ ವಿಚಾರಿಸಿದೆ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲೂ ಅರಿಶಿನ-ಕುಂಕುಮ. ಬಂದ ಹೆಂಗಸರಿಗೆಲ್ಲ ಏನಾದರೊಂದು ವಸ್ತು ಕೊಡಬೇಕು. ಹೆಂಡತಿ ಶಾಂತಾ ಈ ಸಲ ಪುಟ್ಟ ಸ್ಟೀಲ್ ಡಬ್ಬಿ ತಂದಿದ್ದಳು. ನಮ್ಮ ಮನೆಯ ಅರಿಶಿನ-ಕುಂಕುಮದ ದಿನ ಅವಳು ಸೀರೆ ಉಡಲು ಹೋದಾಗ ನಾನು ಕಟ್ಟಿನಿಂದ ಇಪ್ಪತ್ನಾಲ್ಕು ಒಪ್ಪಿಗೆ ಪತ್ರಗಳನ್ನು ತೆಗೆದು ಮಡಚಿ, ಡಬ್ಬಿಗೊಂದರಂತೆ ಹಾಕಿ ಮುಚ್ಚಳ ಬಿಗಿದೆ. ಮಾತಿಲ್ಲ, ಮುಜುಗರವಿಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ವಾರ ಕಳೆದರೂ ಒಂದು ಸಹಿಯೂ ಬರಲಿಲ್ಲ. ರಥಸಪ್ತಮಿಯ ಹಿಂದಿನ ದಿನ ಶಾಂತಾ ಯಾರದೋ ಮನೆಯ ಅರಿಶಿನ-ಕುಂಕುಮ ಮುಗಿಸಿ ಬಂದಳು.

"ಏನ್ರೀ, ನಾವು ಕೊಟ್ಟ ಡಬ್ಬಿ ತಿರುಗಿ ನಮ್ಮ ಮನಿಗೇ ಬಂದದ! ಒಳಗ ಇದೇನಿದು?"

ಒಂದು ಮನೆಯಲ್ಲಿ ಸಿಕ್ಕಿದ್ದನ್ನು ಇನ್ನೊಂದು ಮನೆಗೆ ದಾಟಿಸುವುದು ಹೆಂಗಸರಿಗೆಲ್ಲ ಗೊತ್ತಿರುವ ವಿಷಯ. ನನಗೆ ಮಾತ್ರ ಗೊತ್ತಿರಲಿಲ್ಲ! ನನ್ನ ಪತ್ರಗಳು ಮುಚ್ಚಳ ತೆಗೆಸಿಕೊಳ್ಳದೆ ಇಡೀ ಕಾಲೊನಿ ಸುತ್ತುತ್ತಿದ್ದವು. ಎಲ್ಲವನ್ನೂ ಒಪ್ಪಿಕೊಂಡೆ.

"ನಿಮಗ ಬಾಯಿ ಇಲ್ಲೇನ್ರಿ?"

"ಹೆಂಗಸರ ವಿಷಯ ಅದ. ನಾ ಹೆಂಗ ಹೇಳ್ಲಿ?"

"ನಮ್ಮ ದೊಡ್ಡವ್ವನೂ ಹಿಂಗ ನಾಚಿಕೊಂಡು ಯಾರಿಗೂ ಹೇಳಲಿಲ್ಲ. ಇದ ಕ್ಯಾನ್ಸರದಾಗ ಹೋದ್ಲು."

ನನಗೆ ನಿಜಕ್ಕೂ ನಾಚಿಕೆಯಾಯಿತು. ಈ ಸಲ ಸರಿಯಾದ ಕಾರಣಕ್ಕೆ.

ಮರುದಿನ ಕುಲಕರ್ಣಿ ಕಾಕು ಮನೆಯಲ್ಲಿ ಕೊನೆಯ ಅರಿಶಿನ-ಕುಂಕುಮ. ಶಾಂತಾ ಉಳಿದ ಪತ್ರಗಳ ಕಟ್ಟನ್ನೂ ಒಂದು ಪೆನ್ನನ್ನೂ ಹಿಡಿದು ಹೋದಳು. ಒಂದು ಗಂಟೆಯಲ್ಲಿ ಇಪ್ಪತ್ತೆರಡು ಸಹಿಗಳೊಂದಿಗೆ ಬಂದಳು.

"ಏನ್ ಹೇಳಿದಿ?"

"ಏನದ ಅದನ್ನ ಹೇಳಿದೆ."

ಶಾಲೆಯಲ್ಲಿ ಲಸಿಕೆ ಹಾಕಿದ ದಿನ ಹೆಡ್‌ಮಾಸ್ತರು ನನ್ನ ಜನಸಂಪರ್ಕವನ್ನು ಮರಾಠಿಯಲ್ಲಿ ಬಾಯಿ ತುಂಬ ಹೊಗಳಿದರು. ನಾನು ವಿನಯದಿಂದ ಸ್ವೀಕರಿಸಿದೆ.

ಸಂಜೆ ಮೇಘಾ ತೋಳು ತಿಕ್ಕಿಕೊಳ್ಳುತ್ತ ಬಂದು ಕೇಳಿದಳು. "ಅಪ್ಪಾ, ಈ ಸೂಜಿ ಯಾಕ ಹಾಕ್ತಾರ?"

ನಾನು ಕನ್ನಡಕ ಸರಿಮಾಡಿಕೊಂಡೆ. ಗಂಟಲು ಸರಿಮಾಡಿಕೊಂಡೆ. ಆಮೇಲೆ ಭಾರೀ ಗಂಭೀರವಾಗಿ ಕೇಳಿದೆ:

"ನಿಮ್ಮ ಸಾಲ್ಯಾಗ ನಳದ ನೀರು ಬರೋಬ್ಬರಿ ಬರ್ತದೇನವಾ?"