ಒಲೆಗೊಂದು ಕಾರ್ಡು

"ಬೆಳಿಗ್ಗೆ ಡೈರಿ ಹತ್ರ ಯಜಮಾನ್ರು ನನ್ನ ಕಂಡು ಹೋಗ್ಲಿ" ಎಂದು ನರ್ಸ್ ಕೋಮಲಾ ಹೇಳಿಕಳಿಸಿದ್ದೇ ತಡ, ಈರಭದ್ರಪ್ಪ ಹೆದರಿಬಿಟ್ಟ. ಅವನಿಗೆ ಬಿಪಿಯ ಭಯವಿರಲಿಲ್ಲ, ಇದ್ದದ್ದು ಉಪ್ಪಿನಕಾಯಿಯ ಭಯ. ಸಿಸ್ಟರು ತೋಳಿಗೆ ಪಟ್ಟಿ ಸುತ್ತಿ ತಲೆಯಾಡಿಸಿದ ಮನೆಯಲ್ಲೆಲ್ಲ ಮೊದಲು ಅಟ್ಟ ಸೇರುತ್ತಿದ್ದುದು ಉಪ್ಪಿನಕಾಯಿ ಜಾಡಿ. ಮುದ್ದೆಯ ಜೊತೆ ಮಾವಿನ ಮಿಡಿ ಇಲ್ಲದಿದ್ದರೆ ಈರಭದ್ರಪ್ಪನಿಗೆ ಅದು ಊಟವೇ ಅಲ್ಲ.

ಆ ಹೆಣ್ಣುಮಗಳ ತಲೆಯನ್ನು ಮೆಚ್ಚಲೇಬೇಕು. ಮೊದಲು ಶಾಲೆಯಲ್ಲಿ ಬಿಪಿ ನೋಡುವ ಕ್ಯಾಂಪ್ ಇಟ್ಟಾಗ ಬಂದವರು ಮೂರೇ ಜನ, ಅವರಲ್ಲೊಬ್ಬ ಮಳೆಗೆ ನಿಂತವನು. ಆಕೆ ಬೇಸರಪಡಲಿಲ್ಲ. ಊರು ಎರಡು ಹೊತ್ತೂ ಸಾಲು ನಿಲ್ಲುವುದೆಲ್ಲಿ ಎಂದು ನೋಡಿ, ಹಾಲಿನ ಡೈರಿ ಬಾಗಿಲಲ್ಲೇ ಮೇಜು ಹಾಕಿದಳು. ತಲೆಗೊಂದು ಕಾರ್ಡಲ್ಲ, ಒಲೆಗೊಂದು ಕಾರ್ಡು, ಮನೆಮಂದಿಯೆಲ್ಲ ಅದರಲ್ಲೇ. ಎರಡು ತಿಂಗಳಲ್ಲಿ ಊರಿನ ಮುಕ್ಕಾಲು ಪಾಲು ತೋಳುಗಳು ಆಕೆಯ ಕೈ ಹಾದುಹೋಗಿದ್ದವು.

ಈರಭದ್ರಪ್ಪ ಬೆಳಿಗ್ಗೆ ಕ್ಯಾನನ್ನು ಬೈಕಿಗೆ ಕಟ್ಟಿ ಪಕ್ಕದೂರಿನ ಡೈರಿಯ ದಾರಿ ಹಿಡಿದ. ಪಕ್ಕದ ಮನೆಯ ಅಂಜಿನಪ್ಪ ಬಿಡುತ್ತಾನೆಯೇ?

"ಏನಣ್ಣಾ, ಡೈರಿ ಈ ಕಡೆ ಐತಲ್ಲ!"

"ಗಾಡಿ ಆ ಕಡೆಗೇ ಎಳೀತದೆ ಕಣೋ!"

ಪಕ್ಕದೂರಿನವರು "ನೀವು ನಮ್ಮ ಸಂಘದ ಮೆಂಬರಲ್ಲ" ಎಂದು ಹಾಲು ಮುಟ್ಟಲಿಲ್ಲ. ಬರುವಾಗ ರಸ್ತೆಯ ಉಬ್ಬಿನಲ್ಲಿ ಮುಚ್ಚಳ ಹಾರಿ ಅರ್ಧ ಹಾಲು ಅವನ ಬೆನ್ನಿಗೇ ಅಭಿಷೇಕವಾಯಿತು. ತೊಟ್ಟಿಕ್ಕುತ್ತ ಮನೆಗೆ ಬಂದರೆ ಜಗಲಿಯ ಮೇಲೆ ಕೋಮಲಾ! ಡೈರಿಗೆ ಬಾರದವನನ್ನು ಹುಡುಕಿಕೊಂಡು ಆಕೆಯೇ ಬಂದಿದ್ದಳು. ಪಕ್ಕದಲ್ಲಿ ಅಂಜಿನಪ್ಪ, ಬೆಳಗಿನ ವರದಿ ಒಪ್ಪಿಸಿ ಮುಗಿಸಿದ ಮುಖದಲ್ಲಿ.

"ಕೂತ್ಕೊಳ್ಳಿ ಯಜಮಾನ್ರೇ. ಐದು ನಿಮಿಷ ಸುಧಾರಿಸ್ಕೊಳ್ಳಿ."

ಆಮೇಲೆ ಪಟ್ಟಿ ಬಿಗಿಯಿತು. ಈರಭದ್ರಪ್ಪ ಕಣ್ಣು ಮುಚ್ಚಿ ಮನೆದೇವರನ್ನೂ ಮಿಡಿಯನ್ನೂ ಒಟ್ಟಿಗೇ ನೆನೆದ.

"ನೂರಾ ಇಪ್ಪತ್ತೆರಡು, ಎಂಬತ್ತು. ಗುಂಡುಕಲ್ಲಿನಂಗಿದೀರಿ."

"ಕೇಳ್ದೇನೋ ಅಂಜಿನಪ್ಪ!" ಈರಭದ್ರಪ್ಪ ಕುಣಿಯುವುದೊಂದು ಬಾಕಿ.

"ನಾನು ಕರೆದಿದ್ದು ನಿಮ್ಮ ತೋಳಿಗಲ್ಲ," ಕೋಮಲಾ ಮೆಲ್ಲಗೆ ಅಂದಳು. "ಸಂಜೆ ಹಾಲು ಹಾಕೋಕೆ ಬರೋ ನಿಮ್ಮ ಮನೆಯೋರು ಕರಿಬಸಮ್ಮನೋರದು ಬಿಪಿ ಮೂರು ಸಲವೂ ನೂರಾ ಎಪ್ಪತ್ತು ದಾಟಿದೆ. ಡಾಕ್ಟ್ರು ಮಾತ್ರೆ ಬರ್ಕೊಟ್ಟಿದಾರೆ. ಉಪ್ಪು ಕಮ್ಮಿ ಮಾಡ್ಬೇಕು."

ಬಾಗಿಲಲ್ಲಿ ನಿಂತಿದ್ದ ಕರಿಬಸಮ್ಮ ಸೆರಗು ಹಿಂಡುತ್ತ, "ನಿಮ್ಗೆ ಮಿಡಿ ತಪ್ಪಿಹೋಗ್ತದಲ್ಲ ಅಂತ ಹೇಳ್ಲಿಲ್ಲ ಕಣ್ರೀ," ಎಂದಳು.

ಹೆಂಡತಿ ದಿನಾ ತಲೆನೋವೆಂದು ತಲೆಗೆ ಬಟ್ಟೆ ಬಿಗಿದು ಮುದ್ದೆ ತೊಳಸುತ್ತಿದ್ದುದು ಈರಭದ್ರಪ್ಪನಿಗೆ ಈಗ ನೆನಪಾಯಿತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

"ಒಂದೇ ಒಲೆ ಸಿಸ್ಟರಮ್ಮ. ಅವಳಿಗಿಲ್ದಿದ್ದು ನನಗೂ ಬ್ಯಾಡ. ಜಾಡಿ ಇವತ್ತೇ ಸಾಗಹಾಕ್ತೀನಿ."

"ನಾನು ಬಂದು ಹೇಳಿದ್ಮೇಲೆ ಅವರೇ ಆಗ್ಲೇ ಕೊಟ್ಬಿಟ್ರು, ಬಿಪಿ ಸರಿ ಇರೋ ಮನೆಗೆ."

ಯಾರ ಮನೆಗೆಂದು ಕೇಳಬೇಕಾಗಿ ಬರಲಿಲ್ಲ. ಅಂಜಿನಪ್ಪ ಬೆರಳು ನೆಕ್ಕುತ್ತಿದ್ದ.

"ಮಿಡಿ ಏನ್ ರುಚಿ ಐತೆ ಕಣಣ್ಣಾ! ಉಪ್ಪು ಮಾತ್ರ ಒಂಚೂರು ಜಾಸ್ತಿ."